ಹೆಸರು ಹೇಳ್ರಿ, ಚಪ್ಪಲಿ ತಗೋರಿ

ವಿರುಪಾಕ್ಷಿಯ ಶನಿವಾರ ಕೆಟ್ಟಿದ್ದು ಒಂದು ಬಾಳೆಹಣ್ಣಿನಿಂದ. ಕೈಗೆ ಬಂದಾಗಲೇ ತಿಂದುಬಿಡಬೇಕಿತ್ತು. ಆಮೇಲೆ ತಿಂದರಾಯಿತೆಂದು ಅವನು ಅದನ್ನು ಬಿಲ್ಲೆಗಳ ಚೀಲದೊಳಗೆ ಇಟ್ಟ. ಅಂಜನಾದ್ರಿ ಬೆಟ್ಟದ ಬುಡದಲ್ಲಿ ಬಾಳೆಹಣ್ಣನ್ನು ಆಮೇಲಕ್ಕೆಂದು ಇಡುವವನು ಒಂದೋ ಹೊಸಬನಾಗಿರಬೇಕು, ಇಲ್ಲವೇ ಊರ ಅಳಿಯನಾಗಿರಬೇಕು. ವಿರುಪಾಕ್ಷಿ ಎರಡೂ ಆಗಿದ್ದ.

ಅವನ ಅತ್ತೆ ಶಿವಲಿಂಗಮ್ಮ ಹನುಮನಹಳ್ಳಿಯವರು. ಬೆಟ್ಟ ಹತ್ತುವ ಭಕ್ತರ ಚಪ್ಪಲಿ ಕಾಯುವ ತಗಡಿನ ಶೆಡ್ಡೊಂದನ್ನು ಮೆಟ್ಟಿಲುಗಳ ಹತ್ತಿರವೇ ನಡೆಸುತ್ತಿದ್ದರು. ಹಲಗೆ ಹೊಡೆದು ಮಾಡಿದ ಗೂಡುಗಳು, ಗೂಡಿಗೊಂದು ನಂಬರು, ನಂಬರಿಗೊಂದು ತಗಡಿನ ಬಿಲ್ಲೆ. ಚಪ್ಪಲಿ ಕೊಟ್ಟವರ ಕೈಗೆ ಬಿಲ್ಲೆ, ಬಿಲ್ಲೆ ತಂದವರ ಕೈಗೆ ಚಪ್ಪಲಿ. ಇಷ್ಟು ಸುಲಭದ ಕೆಲಸವನ್ನು ಒಂದು ದಿನದ ಮಟ್ಟಿಗೆ ಅಳಿಯನಿಗೆ ಒಪ್ಪಿಸಿ, ಅವರು ಮುನಿರಾಬಾದಿನಲ್ಲಿ ಅಕ್ಕನ ಬಸುರಿ ಸೊಸೆಯ ಕುಬಸಕ್ಕೆ ಹೋಗಿದ್ದರು.

ಒಪ್ಪಿಸುವ ಮುಂಚೆ ಬಹಳ ಯೋಚನೆ ಮಾಡಿದ್ದರು. ವಿರುಪಾಕ್ಷಿ ಗಂಗಾವತಿಯ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ ಮಾಸ್ತರ. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಅಳಿಯ ಏನು ಕಲಿಸುತ್ತಾನೆಂದು ಮಗಳು ಶೈಲಶ್ರೀಯನ್ನು ಶಿವಲಿಂಗಮ್ಮ ಒಮ್ಮೆ ಕೇಳಿದ್ದರು.

"ಪೈಥಾನ್ ಕಲಿಸ್ತಾರವ್ವಾ."

"ಅದ್ಯಾವ ವಿದ್ಯೆ?"

"ಕಂಪ್ಯೂಟರ್ ಭಾಷಾ. ಪೈಥಾನ್ ಅಂದ್ರ ಹೆಬ್ಬಾವು ಅಂತ."

ಶಿವಲಿಂಗಮ್ಮ ಮಗಳ ತಲೆ ಸವರಿ, "ಇರ್ಲಿ ಬಿಡವಾ, ಹೊಟ್ಟಿಪಾಡು," ಎಂದಿದ್ದರು. ಈ ಮಾತು ವಿರುಪಾಕ್ಷಿಯ ಕಿವಿಗೂ ಬಿದ್ದಿತ್ತು. ಅಂದಿನಿಂದ ಅತ್ತೆಯ ಕಣ್ಣಲ್ಲಿ ಒಮ್ಮೆ ದೊಡ್ಡವನಾಗಬೇಕೆಂಬ ಆಸೆ ಅವನ ಎದೆಯಲ್ಲಿ ಬೂದಿ ಮುಚ್ಚಿದ ಕೆಂಡದಂತೆ ಇತ್ತು. ಹಾಗೆಂದು ಶನಿವಾರ ಬಿಟ್ಟುಕೊಡಲು ಅವನಿಗೆ ಇಷ್ಟವಿರಲಿಲ್ಲ. ಶನಿವಾರ ಕ್ಲಾಸಿಗೆ ರಜೆ. ಫ್ಯಾನಿನ ಕೆಳಗೆ ಮಲಗಿದ್ದವನನ್ನು ಉಪ್ಪಿಟ್ಟಿನ ಒಗ್ಗರಣೆಯ ವಾಸನೆಯೇ ಎಬ್ಬಿಸಬೇಕು, ಬೇರೆ ಯಾರೂ ಎಬ್ಬಿಸಕೂಡದು. "ಇದೊಂದ ಶನಿವಾರ ರೀ," ಎಂದು ಶೈಲಶ್ರೀ ಗದ್ದ ಹಿಡಿದು ಕೇಳಿದ್ದಕ್ಕೆ ಒಪ್ಪಿದ್ದ.

ಶೆಡ್ಡಿನ ಕದ ತೆಗೆದು ಇನ್ನೂ ಕಸ ಗುಡಿಸುತ್ತಿದ್ದಾಗ ದಪ್ಪನೆಯ ಗಡವ ಮಂಗವೊಂದು ತಪಾಸಣೆಗೆ ಬಂದ ಅಧಿಕಾರಿಯ ಗತ್ತಿನಲ್ಲಿ ಮೇಜಿನ ಮೇಲೆ ಕೂತಿತು. ಚೀಲದ ಬಾಯಿ ಬಿಚ್ಚಿ ನೋಡಿ, ಒಳಗಿನ ಮಾಲು ಖಾತ್ರಿ ಮಾಡಿಕೊಂಡು, ಚೀಲ ಸಮೇತ ಬಂಡೆ ಏರಿತು. ಹಣ್ಣು ತಿಂದಿತು. ಬಿಲ್ಲೆಗಳನ್ನೂ ಒಂದೆರಡು ಕಚ್ಚಿ ನೋಡಿ, ರುಚಿಯಿಲ್ಲದ್ದಕ್ಕೆ ಬೇಸರಪಟ್ಟು, ಉಳಿದವನ್ನು ಚೀಲದೊಂದಿಗೆ ಬಂಡೆಯಾಚೆಯ ಕಂದಕಕ್ಕೆ ಬೀಸಿತು.

"ಏನ್ರಿ ಅಳಿಯಾರ," ಎಂದು ಬಲಗಡೆಯ ಹಣ್ಣುಕಾಯಿ ಅಂಗಡಿಯಿಂದ ಕರಿಬಸಪ್ಪ ಕತ್ತು ಚಾಚಿದ. "ಮಂಗ್ಯಾಗ ಯಾಕ ಬಿಲ್ಲಿ ಕೊಟ್ರಿ? ಅದು ಚಪ್ಲಿ ಬಿಟ್ಟಿತ್ತೇನು?"

ಎಡಗಡೆ ಕಬ್ಬಿನ ಹಾಲಿನ ಗಾಣ ಇಟ್ಟುಕೊಂಡಿದ್ದ ಗೌಸಬೀಗೆ ಮಾತ್ರ ಮರುಕ ಬಂತು. "ಹೋಗ್ಲಿ ಬಿಡ್ರಿ ಅಳಿಯಾರ. ಚೀಟಿ ಮ್ಯಾಲ ನಂಬರ್ ಬರದು ಕೊಡ್ರಿ, ನಡೀತೈತಿ."

ಹಾಗೆ ಮಾಡಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ವಿರುಪಾಕ್ಷಿಯ ತಲೆಯಲ್ಲಿ ಆಗಲೇ ದೀಪ ಹತ್ತಿತ್ತು. ಹೊತ್ತು ಕಳೆಯಲೆಂದು ಲ್ಯಾಪ್‌ಟಾಪ್ ತಂದಿದ್ದ. ಅದನ್ನು ತೆಗೆದು ಮೇಜಿನ ಮೇಲೆ ಇಟ್ಟ.

"ಚೀಟಿ ಕೊಟ್ರ ಅದನ್ನೂ ಮಂಗ್ಯಾ ಕಸಗೊಳ್ತೈತಿ ಚಾಚಿ. ಮಂಗ್ಯಾನ ಕೈಗೆ ಸಿಗಲಾರದ್ದು ಏನೈತಿ ಹೇಳ್ರಿ? ಹೆಸರು! ಮನಷ್ಯಾನ ಹೆಸರು ಕಸಗೊಳ್ಳಾಕ ಆಗ್ತೈತೇನು?"

ಕರಿಬಸಪ್ಪ ಅಂಗಡಿ ಬಿಟ್ಟು ಬಂದ. ಊರಿನಲ್ಲಿ ಯಾರೇ ಏನೇ ಬಿಚ್ಚಿದರೂ ಅವನು ಅಲ್ಲಿರಬೇಕು, ಅದು ಗಂಟಾದರೂ ಸರಿ, ಮೋಟರಾದರೂ ಸರಿ.

"ನೋಡ್ರಿ ಕಾಕಾರ, ಪೈಥಾನಿನಾಗ ಡಿಕ್ಷನರಿ ಅಂತ ಒಂದೈತಿ," ಎಂದು ವಿರುಪಾಕ್ಷಿ ಕ್ಲಾಸಿನ ದನಿಯಲ್ಲಿ ಶುರು ಮಾಡಿದ. "ಈ ಕಡೆ ಕೀ, ಆ ಕಡೆ ವ್ಯಾಲ್ಯೂ. ಕೀ ಕೊಟ್ರ ವ್ಯಾಲ್ಯೂ ಬರ್ತೈತಿ. ನಿಮ್ಮ ಹೆಸರು ಕೀ. ನಿಮ್ಮ ಚಪ್ಲಿ ಇಟ್ಟ ಗೂಡಿನ ನಂಬರ್ ವ್ಯಾಲ್ಯೂ. ನೀವು ಗುಡ್ಡ ಇಳದು ಬಂದು ಕರಿಬಸಪ್ಪ ಅಂದ್ರ ಸಾಕು, ಹನ್ನೆರಡನೇ ಗೂಡು ಅಂತ ಇದು ಹೇಳ್ತೈತಿ. ಹೆಸರು ಹೇಳ್ರಿ, ಚಪ್ಪಲಿ ತಗೋರಿ!"

"ಕೀ ಅಂದ್ರ ಕೀಲಿ. ಹೌದಿಲ್ಲೋ?"

"ಹೌದು."

"ಹಂಗಾದ್ರ ಬೀಗ ಎಲ್ಲೈತಿ?"

ವಿರುಪಾಕ್ಷಿಗೆ ಬೀಗ ಹುಡುಕುವ ಪುರುಸೊತ್ತಿರಲಿಲ್ಲ. ಬೆರಳುಗಳು ಆಗಲೇ ಕೀಬೋರ್ಡಿನ ಮೇಲೆ ಓಡುತ್ತಿದ್ದವು. ಕರಿಬಸಪ್ಪ ಎಲೆಅಡಿಕೆ ಹಾಕಿಕೊಂಡು ಉಗುಳುವಷ್ಟರಲ್ಲಿ ಪ್ರೋಗ್ರಾಂ ತಯಾರಾಯಿತು. ಚಪ್ಪಲಿ ತಗೊಂಡು ಹೋದ ಮೇಲೆ ಹೆಸರೇಕೆ ಇರಬೇಕೆಂದು, ಒಮ್ಮೆ ಗೂಡು ತೋರಿಸಿದ ಕೂಡಲೇ ಆ ಹೆಸರು ಅಳಿಸಿಹೋಗುವಂತೆಯೂ ಬರೆದ. ಬಹಳ ಚೊಕ್ಕಟ ಕೆಲಸವೆಂದು ಅವನಿಗೇ ಅನ್ನಿಸಿತು.

ಮೊದಲ ಒಂದು ತಾಸು ಎಲ್ಲವೂ ಕಾಲುವೆ ನೀರು ಹರಿದಂತೆ ಹರಿಯಿತು. ಶಾಂಭವಿ ಎಂಬ ಹುಡುಗಿ ಬಂದಳು, ಹೆಸರು ಹೇಳಿದಳು, ಚಪ್ಪಲಿ ತಗೊಂಡಳು. ಹೊಸಪೇಟೆಯ ಡಾಕ್ಟರೊಬ್ಬರು ಚಪ್ಪಲಿ ಮೆಟ್ಟಿಕೊಂಡು, "ವೆರಿ ಗುಡ್," ಎಂದು ಬೆನ್ನು ತಟ್ಟಿ ಹೋದರು. ವಿರುಪಾಕ್ಷಿ ಹೆಂಡತಿಗೆ ಫೋನು ಮಾಡಿದ.

"ನಿಮ್ಮವ್ವಗ ಹೇಳು, ಬಿಲ್ಲಿ ಜಮಾನಾ ಇವತ್ತಿಗೆ ಮುಗೀತು ಅಂತ."

"ಏನ್ ಮಾಡೀರಿ?" ಶೈಲಶ್ರೀಯ ದನಿಯಲ್ಲಿ ಹೆಮ್ಮೆಗಿಂತ ಗಾಬರಿಯೇ ಹೆಚ್ಚಿತ್ತು.

"ಸಂಜೀಕ ನೋಡ್ತೀಯಲ್ಲ," ಎಂದು ಇಟ್ಟುಬಿಟ್ಟ.

ಬಿಸಿಲು ಏರುತ್ತಿದ್ದಂತೆ ಸಿದ್ದಾಪುರದ ರೈತನೊಬ್ಬ ಬೆಟ್ಟ ಇಳಿದು ಬಂದು, "ಹನುಮಂತಪ್ಪ," ಎಂದ. ಪರದೆಯ ಮೇಲೆ ಹತ್ತೊಂಬತ್ತು ಎಂದು ಬಂತು. ಹತ್ತೊಂಬತ್ತನೇ ಗೂಡಿನಿಂದ ವಿರುಪಾಕ್ಷಿ ಮಿರಿಮಿರಿ ಮಿಂಚುವ ಕರಿ ಬೂಟು ತೆಗೆದು ಮುಂದಿಟ್ಟ. ರೈತ ಬೂಟು ನೋಡಿದ, ವಿರುಪಾಕ್ಷಿಯ ಮುಖ ನೋಡಿದ.

"ಇವು ನಮ್ಮವಲ್ರಿ. ನಮ್ಮವು ಟೈರಿನ ಚಪ್ಲಿ."

"ನಿಮ್ಮ ಹೆಸರು ಹನುಮಂತಪ್ಪ ಹೌದಲ್ರಿ?"

"ಹೌದು."

"ಹಂಗಾದ್ರ ನಿಮ್ಮವ. ಕಂಪ್ಯೂಟರ್ ತಪ್ಪು ಮಾಡಂಗಿಲ್ರಿ ಯಜಮಾನ್ರ."

ರೈತ ಬೆಟ್ಟದ ಕಡೆ ತಿರುಗಿ ಕೈ ಮುಗಿದ. "ನಿನ್ನ ಇಚ್ಛಾ ತಂದೆ," ಎಂದು ಬೂಟಿನೊಳಗೆ ಕಾಲು ತೂರಿಸಿ, ಮೊಳೆ ತುಳಿದ ಎತ್ತಿನ ಹಾಗೆ ಹೆಜ್ಜೆ ಎತ್ತಿಡುತ್ತಾ ಬಸ್ಸಿನ ಕಡೆ ಹೋದ.

ಅವನ ಹಿಂದೆಯೇ ಇಳಕಲ್ ಸೀರೆಯ ಹೆಂಗಸೊಬ್ಬಳು ಬಂದಳು. "ನಮ್ಮನಿಯವರ ಚಪ್ಲಿ ಕೊಡ್ರಿ. ಅವರು ಗಾಡಿ ತರಾಕ ಹೋಗ್ಯಾರ."

"ಅವರ ಹೆಸರು ಹೇಳ್ರಿ."

ಹೆಂಗಸು ಸೆರಗು ಬಾಯಿಗೆ ಒತ್ತಿಕೊಂಡಳು. "ಅಯ್ಯ, ಹೋಗ್ರಿ ಅತ್ಲಾಗ. ಗಂಡನ ಹೆಸರು ಹ್ಯಾಂಗ ಹೇಳ್ಲಿ?"

"ಹೆಸರು ಹೇಳಲಾರದ ಚಪ್ಲಿ ಬರಂಗಿಲ್ರಿ ಅಕ್ಕಾರ. ಕೀ ಇಲ್ಲದ ವ್ಯಾಲ್ಯೂ ಇಲ್ಲ."

"ಮ್ಯಾಲ ಗುಡ್ಡದಾಗ ಅದಾನಲ್ರಿ, ಅವನ ಹೆಸರ ಇಟ್ಟಾರ."

ವಿರುಪಾಕ್ಷಿ ಹನುಮಂತ ಎಂದು ಒತ್ತಿದ. ಒಂದು ಗೂಡು ಬಂತು. ಅದರೊಳಗಿನ ಚಪ್ಪಲಿ ನೋಡಿ ಹೆಂಗಸು ಅಲ್ಲವೆಂದು ತಲೆಯಾಡಿಸಿದಳು. ಆಂಜನೇಯ ಎಂದು ಒತ್ತಿದ. ಇನ್ನೊಂದು ಗೂಡು ಬಂತು, ಅದೂ ಅಲ್ಲ. ಸರದಿಯಲ್ಲಿ ನಿಂತಿದ್ದವರಿಗೆ ಹುರುಪು ಬಂತು. "ಬಜರಂಗಿ!" ಎಂದು ಒಬ್ಬ ಕೂಗಿದ. "ವಾಯುಪುತ್ರ!" ಎಂದು ಕರಿಬಸಪ್ಪ ಅಂಗಡಿಯಿಂದಲೇ ಸೇರಿಸಿದ. ಹೆಂಗಸು ಎಲ್ಲಕ್ಕೂ ತಲೆಯಾಡಿಸಿ, ಕೊನೆಗೆ ಎರಡೂ ಕೈಗಳಿಂದ ಇಲ್ಲದ ಸ್ಟೇರಿಂಗ್ ಹಿಡಿದು ತಿರುಗಿಸಿ, "ಪೋಂ ಪೋಂ," ಎಂದಳು.

"ಡ್ರೈವರಪ್ಪ?" ಎಂದಳು ಗೌಸಬೀ.

"ಮಾರುತಿ!" ಎಂದು ಇಡೀ ಸರದಿಯೇ ಒಂದೇ ದನಿಯಲ್ಲಿ ಕೂಗಿತು. ಹೆಂಗಸು ನಾಚಿ ಕೆಂಪಾದಳು. ವಿರುಪಾಕ್ಷಿ ಗೆದ್ದವನಂತೆ ಮಾರುತಿ ಎಂದು ಒತ್ತಿ, ಬಂದ ಗೂಡಿನಿಂದ ಓಟಗಾರರು ಹಾಕುವಂಥ ಬಿಳಿ ಬೂಟು ತೆಗೆದ.

ಹೆಂಗಸಿನ ನಾಚಿಕೆ ಹಾರಿಹೋಯಿತು. "ಎಮ್ಮಿ ಕಾಯೋ ಮನಷ್ಯಾ ಬಿಳಿ ಬೂಟು ಯಾವಾಗ ಹಾಕಿದ್ರಿ? ಇವು ಅವರವಲ್ಲ."

"ಮಾರುತಿ ಅಂತನ ಅಲ್ರಿ ಹೆಸರು?"

"ಹೆಸರು ಖರೆ. ಬೂಟು ಸುಳ್ಳು."

ವಿರುಪಾಕ್ಷಿ ಬಿಳಿ ಬೂಟನ್ನು ತಿರುಗಿಸಿ ಮುರುಗಿಸಿ ನೋಡಿದ. ಅದನ್ನು ಮತ್ತೆ ಗೂಡಿಗೆ ಇಡುವ ಮೊದಲೇ ಇಸ್ತ್ರಿ ಅಂಗಿಯ ಹಿರಿಯರೊಬ್ಬರು ಮೇಜಿನ ಮುಂದೆ ಬಂದು ನಿಂತರು. ಕುಷ್ಟಗಿಯ ಕಡೆ ಹೈಸ್ಕೂಲು ಮಾಸ್ತರರು.

"ಹನುಮಂತಪ್ಪ. ಕರಿ ಬೂಟು. ಜಲ್ದಿ ಕೊಡಪಾ, ಕಾಲು ಸುಡಾಕತ್ತಾವ."

ಪರದೆಯ ಮೇಲೆ ಕೆಂಪು ಅಕ್ಷರ ಬಂತು. ಇನ್ನೊಮ್ಮೆ ಒತ್ತಿದರೂ ಅದೇ ಬಂತು.

"ಏನಂತೈತಿ ಅದು?"

"ನಿಮ್ಮ ಹೆಸರು... ಇಲ್ಲಂತ್ರಿ."

"ಇಲ್ಲ? ನಾ ಇಲ್ಲಿ ನಿಂತೀನಿ. ಅದು ನನ್ನ ಇಲ್ಲಂತೈತಿ?"

"ಹನುಮಂತಪ್ಪೋ, ಹಣಮಂತಪ್ಪೋ ಸರ್? ಬರೆಯೂ ಮುಂದ ಏನರ ವ್ಯತ್ಯಾಸ..."

"ಮೂರು ಸಾಲ್ಯಾಗ ಕನ್ನಡ ಕಲಿಸೀನಿ. ನನ್ನ ಹೆಸರಿನ ಕಾಗುಣಿತ ನನಗ ಹೇಳಿಕೊಡ್ತೀಯೇನು?"

ಅಷ್ಟರಲ್ಲಿ ಅವರ ಬೆನ್ನ ಹಿಂದಿನಿಂದ ಇನ್ನೊಬ್ಬ, "ನಂದೂ ಹನುಮಂತಪ್ಪ ಅಂತರಿ," ಎಂದ. ಅವನ ಹಿಂದಿದ್ದವನೂ ಹೌದೆಂದ. ಆಂಜನೇಯ ಎಂಬುವರು ಮೂವರು ಮುಂದೆ ಬಂದರು.

ವಿರುಪಾಕ್ಷಿಗೆ ಆಗ ಬುಧವಾರದ ಕ್ಲಾಸು ನೆನಪಾಯಿತು. ಬೋರ್ಡಿನ ಮೇಲೆ ಅವನೇ ಬರೆದು, ಕೆಳಗೆ ಗೆರೆ ಎಳೆದು ಹೇಳಿದ್ದ. ಒಂದು ಕೀಗೆ ಒಂದೇ ವ್ಯಾಲ್ಯೂ. ಅದೇ ಕೀಗೆ ಹೊಸದನ್ನು ಕೊಟ್ಟರೆ ಹಳೆಯದು ಸದ್ದಿಲ್ಲದೆ ಹೋಗಿಬಿಡುತ್ತದೆ. ಡಿಕ್ಷನರಿ ಜಗಳ ಮಾಡುವುದಿಲ್ಲ, ಎಚ್ಚರಿಕೆಯನ್ನೂ ಕೊಡುವುದಿಲ್ಲ. ಹನುಮಂತ ಹುಟ್ಟಿದ ಬೆಟ್ಟಕ್ಕೆ, ಅದೂ ಶನಿವಾರ, ಹನುಮಂತನ ಹೆಸರಿನವರು ಬರದೆ ಇನ್ನಾರು ಬರುತ್ತಾರೆ? ಬೆಳಿಗ್ಗೆಯಿಂದ ಬಂದ ಹನುಮಂತಪ್ಪಗಳೆಲ್ಲ ಒಬ್ಬರನ್ನೊಬ್ಬರು ಒರೆಸುತ್ತಾ ಹೋಗಿ, ಕೊನೆಗೆ ಒಬ್ಬನೇ ಉಳಿದಿದ್ದ. ಅವನನ್ನೂ ಸಿದ್ದಾಪುರದ ರೈತ ಕಾಲಿಗೆ ಹಾಕಿಕೊಂಡು ಹೋಗಿದ್ದ.

"ಸ್ವಲ್ಪ ತಡೀರಿ ಸರ್, ಈಗ ಸರಿ ಮಾಡ್ತೀನಿ," ಎಂದು ಮಾಸ್ತರರನ್ನು ಬೇವಿನ ನೆರಳಿಗೆ ಕೂರಿಸಿ, ವಿರುಪಾಕ್ಷಿ ಮತ್ತೆ ಕೀಬೋರ್ಡಿಗೆ ಬಿದ್ದ.

"ಹೆಸರಿನ ಮುಂದ ಊರು ಸೇರಿಸ್ರಿ," ಎಂದ ಕರಿಬಸಪ್ಪ.

"ನಮ್ಮೂರಾಗ ಮನಿಗೊಬ್ಬ ಹನುಮಂತ ಅದಾನ್ರಿ," ಎಂದ ಸರದಿಯಲ್ಲಿದ್ದವನೊಬ್ಬ.

"ಊರು ಬ್ಯಾಡ ಕಾಕಾರ. ಫೋನ್ ನಂಬರ್! ಈ ಭೂಮಿ ಮ್ಯಾಲ ಒಂದು ನಂಬರ್ ಇಬ್ಬರಿಗೆ ಇರಂಗಿಲ್ಲ."

ಇನ್ನು ಮುಂದೆ ಬರುವವರಿಗೆ ಫೋನ್ ನಂಬರೇ ಕೀ ಎಂದಾಯಿತು. ಅದೇ ಹೊತ್ತಿಗೆ ಯಲಬುರ್ಗಾ ಕಡೆಯ ಕ್ರೂಸರ್ ಗಾಡಿಯೊಂದು ಬಂದು ನಿಂತು, ಅದರೊಳಗಿಂದ ಒಂದೇ ಮನೆಯ ಜನ ಇಳಿಯತೊಡಗಿದರು. ಅಷ್ಟು ಜನ ಅದರೊಳಗೆ ಹೇಗೆ ಕೂತಿದ್ದರೆಂಬುದು ಅವರಿಗೇ ಗೊತ್ತಿರಲಿಕ್ಕಿಲ್ಲ. ಸರದಿ ಬೆಳೆದುಬಿಟ್ಟಿತು. ಕರಿಬಸಪ್ಪ ತಾನೇ ಮುಂದೆ ನಿಂತು ನಂಬರು ಕೇಳಿ ಕೂಗತೊಡಗಿದ. ವಿರುಪಾಕ್ಷಿ ತಲೆಯೆತ್ತದೆ ಒತ್ತುತ್ತಾ ಹೋದ. ನಂಬರುಗಳೆಲ್ಲ ಒಂದೇ ಥರ ಕೇಳಿಸುತ್ತಿದ್ದವು. ಬಿಸಿಲಿಗೆ ಕಿವಿ ಮಂದವಾಗಿರಬೇಕೆಂದುಕೊಂಡ.

ಆ ಮನೆಯವರು ದರ್ಶನ ಮುಗಿಸಿ ಇಳಿದು ಬಂದಾಗ ಹಿರಿಯಣ್ಣ ಕೊಟ್ರೇಶಪ್ಪ ಮುಂದಾಗಿ ನಂಬರು ಹೇಳಿದ. ಬಂದ ಗೂಡಿನೊಳಗೆ ಬೆರಳುದ್ದದ ಮಗುವಿನ ಚಪ್ಪಲಿ ಇತ್ತು. ಒತ್ತಿದರೆ ಚುಂಯ್ ಎನ್ನುವಂಥದ್ದು.

ಕೊಟ್ರೇಶಪ್ಪನ ಮೀಸೆ ಅಷ್ಟಗಲ, ಪಾದ ಅದಕ್ಕಿಂತ ಅಗಲ. ಚಪ್ಪಲಿಯನ್ನು ಅಂಗೈ ಮೇಲೆ ಇಟ್ಟುಕೊಂಡು ಒಮ್ಮೆ ಒತ್ತಿದ. ಅದು ಚುಂಯ್ ಎಂದಿತು.

"ಇದನ್ನ ನಾ ಹಾಕ್ಕೊಳ್ಳಲೇನು?"

"ನಿಮ್ಮ ನಂಬರ್..."

"ನಂಬರ್ ನಂದ. ನಮ್ಮ ಮನ್ಯಾಗ ಎಲ್ಲಾರೂ ಅದನ್ನ ಕೊಡ್ತಾರ. ಗ್ಯಾಸಿಗೂ ಅದ, ರೇಷನ್ನಿಗೂ ಅದ. ಇವತ್ತು ಚಪ್ಲಿಗೂ ಅದ. ತಪ್ಪೇನು?"

ತಪ್ಪೇನೂ ಇರಲಿಲ್ಲ. ಎಲ್ಲರೂ ಒಂದೇ ನಂಬರು ಕೊಟ್ಟಿದ್ದರು. ಕೊನೆಗೆ ಗಾಡಿ ಇಳಿದ ಕೂಸು ಇಡೀ ಮನೆತನವನ್ನೇ ಒರೆಸಿಹಾಕಿತ್ತು. ಪಕ್ಕದಲ್ಲಿ ಒಬ್ಬ ಮುದುಕಿ ಆಗಿನಿಂದ ಹೇಳುತ್ತಲೇ ಇದ್ದಳು. "ನನ್ನ ನಂಬರ್ ನನ್ನ ಮಗನ ಫೋನಿನಾಗೈತಿ ಯಪ್ಪಾ. ಮಗ ಗುಡ್ಡದ ಮ್ಯಾಲ ಅದಾನ. ಅವನ ಫೋನಿಗೆ ಹಚ್ಚಬೇಕಂದ್ರ ನನಗ ನಂಬರ್ ಬರಂಗಿಲ್ಲ."

ನಡುಮಧ್ಯಾಹ್ನದ ಹೊತ್ತಿಗೆ ಶೆಡ್ಡಿನ ಮುಂದೆ ಬರಿಗಾಲಿನ ಜಾತ್ರೆಯೇ ಸೇರಿತು. ನೆಲ ರೊಟ್ಟಿ ಹಂಚಿನಂತೆ ಕಾದಿತ್ತು. ಜನ ಒಂದು ಕಾಲು ಎತ್ತಿ ಇನ್ನೊಂದು ಇಡುತ್ತಾ, ತಾಳವಿಲ್ಲದ ಕೋಲಾಟ ಆಡುವವರಂತೆ ಕುಣಿಯುತ್ತಿದ್ದರು. ಬಸ್ಸು ಹತ್ತೋಣವೆಂದರೆ ಬಸ್ಸಿನ ತನಕ ನಡೆಯಲಾಗದು. ನೆರಳಿದ್ದ ಕಡೆಯೆಲ್ಲ ತುಂಬಿಹೋಯಿತು. ಗೌಸಬೀಯ ತಡಿಕೆಯ ಕೆಳಗೆ ಕಾಲಿಡಲು ಜಾಗವಿರಲಿಲ್ಲ. ಹತ್ತಿರದಲ್ಲೇ ಎಲ್ಲಿಂದಲೋ ಟಪ್ ಟಪ್ ಎಂದು ತೆಂಗಿನಕಾಯಿ ಒಡೆಯುವ ಸದ್ದು ಕೇಳಿಬರುತ್ತಲೇ ಇತ್ತು. ವಿರುಪಾಕ್ಷಿಗೆ ಅದು ತನ್ನ ತಲೆಯ ಮೇಲೆಯೇ ಬಿದ್ದಂತೆ ಅನ್ನಿಸುತ್ತಿತ್ತು.

"ಯಾರ್ರಿ ಇವನು? ಶಿವಲಿಂಗಮ್ಮ ಎಲ್ಲಿ ಹೋದ್ರು?" ಎಂದು ಒಬ್ಬ ಕೇಳಿದ.

"ಅವರ ಅಳಿಯಾರು. ಹೆಬ್ಬಾವು ಕಲಿಸ್ತಾರಂತ," ಎಂದು ಇನ್ನೊಬ್ಬ ವಿವರಿಸಿದ.

"ನಮ್ಮ ಚಪ್ಲಿ ಅದ ನುಂಗಿರಬೇಕು."

ಲ್ಯಾಪ್‌ಟಾಪು ಬಿಸಿಯೇರಿ, ಭತ್ತದ ಮಿಲ್ಲಿನಂತೆ ಗೊರಗೊರ ಸದ್ದು ಮಾಡಿ ಆರಿಹೋಯಿತು. ಅದರೊಂದಿಗೆ ಉಳಿದ ಹೆಸರುಗಳೂ ಹೋದವು. ವಿರುಪಾಕ್ಷಿ ಎರಡೂ ಕೈ ತಲೆಯ ಮೇಲೆ ಇಟ್ಟುಕೊಂಡ. ಅತ್ತೆ ಬರುವುದರೊಳಗೆ ತಾನೂ ಆ ಮಂಗನ ಹಿಂದೆ ಬಂಡೆ ಏರಿಬಿಡಬೇಕೆಂದು ಅವನಿಗೆ ಮನಸಾರೆ ಅನ್ನಿಸಿತು.

ಗೌಸಬೀ ಗಾಣ ನಿಲ್ಲಿಸಿ, ಕೈ ಒರೆಸಿಕೊಂಡು ಬಂದಳು.

"ಅಳಿಯಾರ, ಒಂದ್ ಮಾತು ಹೇಳ್ಲೇನ್ರಿ? ಎಲ್ಲಾ ತಗದು ನೆಲಕ್ಕ ಸುರೀರಿ. ಮಂದಿಗೆ ತಮ್ಮ ಚಪ್ಲಿ ತಮಗ ಗೊತ್ತಿರ್ತೈತಿ."

ಬೇರೆ ದಾರಿ ಇರಲಿಲ್ಲ. ಗೂಡು ಗೂಡುಗಳನ್ನೂ ಖಾಲಿ ಮಾಡಿ ಅಂಗಳದಲ್ಲಿ ಸುರಿದರು. ಸಿದ್ದಾಪುರದ ಕಣದಲ್ಲಿ ಭತ್ತದ ರಾಶಿ ಹಾಕಿದಂತೆ ಚಪ್ಪಲಿಯ ರಾಶಿ ಬಿತ್ತು. ಜನ ಮುಗಿಬೀಳುತ್ತಾರೆ, ತುಳಿದಾಟವಾಗುತ್ತದೆ ಎಂದು ವಿರುಪಾಕ್ಷಿ ಹೆದರಿದ್ದ. ಹಾಗೇನೂ ಆಗಲಿಲ್ಲ. ಕುಷ್ಟಗಿಯ ಮಾಸ್ತರರು ನೆರಳಿನಿಂದ ಎದ್ದು ಬಂದು, ಸಾಲೆಯ ಹುಡುಗರನ್ನು ಗದರಿಸುವ ದನಿಯಲ್ಲಿ ಎಲ್ಲರನ್ನೂ ಸುತ್ತಲೂ ಕೂರಿಸಿ, ಒಂದೊಂದೇ ಜೋಡನ್ನು ಎತ್ತಿ ಹಿಡಿದು ತೋರಿಸತೊಡಗಿದರು. "ಕೆಂಪು ಪಟ್ಟಿ, ಎಡಗಾಲಿಂದು ಹರದೈತಿ, ಯಾರ್ದು?" ಎಂದರೆ ನಾಚಿಕೊಂಡು ಒಬ್ಬ ಕೈ ಎತ್ತುತ್ತಿದ್ದ. ಉಳಿದವರು ನಗುತ್ತಿದ್ದರು. ಬಿಳಿ ಬೂಟಿನ ಮಾರುತಿ ಸಿಕ್ಕ, ಎಮ್ಮೆಯ ಮಾರುತಿಯೂ ಸಿಕ್ಕ. ಮುದುಕಿಗೆ ಮಗ ಸಿಕ್ಕ. ಕೊಟ್ರೇಶಪ್ಪನ ಮನೆಯವರು ಬುತ್ತಿ ಬಿಚ್ಚಿ, ರೊಟ್ಟಿಯ ಮೇಲೆ ಶೇಂಗಾ ಚಟ್ನಿ ಹಾಕಿ ಪಕ್ಕದಲ್ಲಿ ಕೂತವರಿಗೆಲ್ಲ ಕೊಟ್ಟರು. ಒಂದು ರೊಟ್ಟಿ ವಿರುಪಾಕ್ಷಿಯ ಕೈಗೂ ಬಂತು.

"ತಿನ್ನೋ ತಮ್ಮಾ. ಮಾರಿ ಬಾಡೈತಿ," ಎಂದ ಕೊಟ್ರೇಶಪ್ಪ.

ಮಾಸ್ತರರ ಬೂಟು ಮಾತ್ರ ಇರಲಿಲ್ಲ. ಪಾಪ, ಎಲ್ಲರ ಚಪ್ಪಲಿ ಹಂಚಿದವರು ಬರಿಗಾಲಲ್ಲಿ ನಿಂತಿದ್ದರು. ಅಷ್ಟರಲ್ಲಿ ಸಿದ್ದಾಪುರದ ಹನುಮಂತಪ್ಪ ಬೂಟನ್ನು ಎರಡು ಕೈಯಲ್ಲಿ ಹಿಡಿದು, ಕುಂಟುತ್ತಾ ವಾಪಸು ಬಂದ.

"ಇವು ನಂಗ ಬ್ಯಾಡ ಯಪ್ಪಾ. ಗಂಗಾವತಿ ಮುಟ್ಟೂದರಾಗ ಕಚ್ಚಿ ಕಚ್ಚಿ ಹೈರಾಣ ಮಾಡ್ಯಾವ. ನನ್ನ ಟೈರಿನವು ಕೊಟ್ಟುಬಿಡ್ರಿ, ಪುಣ್ಯ ಬರ್ತೈತಿ."

ಹನುಮಂತಪ್ಪನೂ ಹನುಮಂತಪ್ಪನೂ ಅಲ್ಲೇ ಕೈ ಕೈ ಹಿಡಿದುಕೊಂಡು ನಕ್ಕರು. ಯಾರೂ ಬೈಯಲಿಲ್ಲ. ಹೊತ್ತು ಇಳಿಯುತ್ತಿದ್ದಂತೆ ಅಂಗಳ ಖಾಲಿಯಾಯಿತು.

ಪೂರ್ತಿ ಖಾಲಿಯಾಗಿರಲಿಲ್ಲ. ಬೇವಿನ ಮರದ ಕೆಳಗೆ ಬಿಳಿ ಗಡ್ಡದ ಅಜ್ಜನೊಬ್ಬ ಬರಿಗಾಲು ಚಾಚಿಕೊಂಡು ಸುಮ್ಮನೆ ಕೂತಿದ್ದ. ಮಧ್ಯಾಹ್ನದಿಂದಲೂ ಇದ್ದ. ಒಂದು ಮಾತು ಆಡಿರಲಿಲ್ಲ. ರಾಶಿಯಲ್ಲಿ ಒಂದು ಜೊತೆಯೂ ಉಳಿದಿರಲಿಲ್ಲ. ಅಂದರೆ ಅಜ್ಜನ ಚಪ್ಪಲಿಯನ್ನು ಬೇರೆ ಯಾರೋ ಹಾಕಿಕೊಂಡು ಹೋಗಿದ್ದಾರೆ. ಅಷ್ಟು ಜನ ಕೂಗಾಡಿದಾಗಲೂ ಆಗದ ಸಂಕಟ ವಿರುಪಾಕ್ಷಿಗೆ ಈ ಮೌನ ನೋಡಿ ಆಯಿತು. ಮದುವೆಯಲ್ಲಿ ಅತ್ತೆ ಮನೆಯವರು ಕೊಟ್ಟ ಚರ್ಮದ ಚಪ್ಪಲಿಯನ್ನು ಕಾಲಿನಿಂದ ಕಳಚಿ, ಧೂಳು ಒರೆಸಿ, ಅಜ್ಜನ ಮುಂದಿಟ್ಟು ಕೈ ಮುಗಿದ.

"ತಪ್ಪಾತ್ರಿ ಅಜ್ಜಾರ. ಇವನ್ನ ಹಾಕ್ಕೊಂಡು ಹೋಗ್ರಿ."

ಅಜ್ಜ ಅವನನ್ನೇ ನೋಡಿದ. ಚಪ್ಪಲಿ ಮೆಟ್ಟಿ, ಎದ್ದು, ನಾಲ್ಕು ಹೆಜ್ಜೆ ಆ ಕಡೆ ಈ ಕಡೆ ಹಾಕಿ ನೋಡಿ, "ಮೆತ್ತಗ ಅದಾವ," ಎಂದು ಮುಖ ಅರಳಿಸಿದ. ಬಂದು ನಿಂತ ಆಟೋ ಹತ್ತಿ ಹೋಗಿಯೂಬಿಟ್ಟ.

ಲೋಟ ತೊಳೆಯುತ್ತಿದ್ದ ಗೌಸಬೀ ಓಡಿ ಬಂದಳು. "ಅಳಿಯಾರ, ಹುಲಗಪ್ಪಜ್ಜಗ ಯಾಕ ಚಪ್ಲಿ ಕೊಟ್ರಿ?"

"ಅವರವು ಕಳದಾವಲ್ಲ ಚಾಚಿ."

"ಎಲ್ಲಿ ಕಳೀತಾವ? ಅವರು ಚಪ್ಲಿ ಹಾಕಿದ್ದು ನಾ ಹುಟ್ಟಿದಾಗಿಂದ ನೋಡಿಲ್ಲ. ದಿನಾ ಇಲ್ಲಿ ನೆರಳಿಗೆ ಬಂದು ಕೂಡ್ತಾರ."

ವಿರುಪಾಕ್ಷಿ ಮೇಜಿನ ಮೇಲೆ ಕೂತ. ಅಳಬೇಕೆನಿಸಲಿಲ್ಲ, ನಗು ಬಂತು. ಗಾಳಿ ತಂಪಾಗಿತ್ತು, ಹೊಟ್ಟೆಯಲ್ಲಿ ಯಲಬುರ್ಗಾದ ರೊಟ್ಟಿ ಇತ್ತು. ಲ್ಯಾಪ್‌ಟಾಪು ಆರಿ ತಣ್ಣಗಾಗಿತ್ತು. ಅದನ್ನು ಮತ್ತೆ ಚಾಲು ಮಾಡಿ ಕೆಲಸಕ್ಕೆ ಕೂತ. ಹೆಸರೂ ಬೇಡ, ಫೋನೂ ಬೇಡ. ಬಂದ ಪ್ರತಿಯೊಬ್ಬರಿಗೂ ಒಂದು ಹೊಸ ನಂಬರು, ಅದನ್ನು ಅವರ ಅಂಗೈ ಮೇಲೆ ಪೆನ್ನಿನಲ್ಲಿ ಬರೆಯುವುದು. ಅಂಗೈಯನ್ನು ಯಾವ ಮಂಗವೂ ಕಿತ್ತುಕೊಳ್ಳಲಾರದು. ಇದ್ದ ಕೀ ಮೇಲೆ ಇನ್ನೊಂದು ಬೀಳದಂತೆ ಒಂದು ತಪಾಸಣೆ. ಬರೆದು, ಹತ್ತಾರು ಸಲ ಓಡಿಸಿ ನೋಡಿದ. ಕೂದಲೆಳೆಯಷ್ಟೂ ತಪ್ಪಿಲ್ಲ. ಇದನ್ನು ತೋರಿಸಿದರೆ ಅತ್ತೆಯ ಮುಂದೆ ಅರ್ಧ ಮಾನವಾದರೂ ಉಳಿದೀತು.

ಸಂಜೆಯ ಬಸ್ಸಿನಿಂದ ಶಿವಲಿಂಗಮ್ಮ ಇಳಿದರು. ಕೈಯಲ್ಲಿ ಕುಬಸದ ಮಡಿಲಕ್ಕಿ ಚೀಲ. ಮನೆ ಕಡೆ ಹೋಗದೆ ನೇರವಾಗಿ ಇತ್ತಲೇ ಬರತೊಡಗಿದರು. ವಿರುಪಾಕ್ಷಿ ಶೆಡ್ಡಿನ ಸಂದಿಯಿಂದ ನೋಡಿದ. ಮಿರ್ಚಿ ಮಂಡಕ್ಕಿಯವನು ಅವರನ್ನು ತಡೆದು ನಿಲ್ಲಿಸಿದ. ಟೋಪಿ ಮಾರುವವನು ಬಂದ. ಕರಿಬಸಪ್ಪನಂತೂ ಎರಡೂ ಕೈ ಮೇಲೆತ್ತಿ ಆಡಿಸುತ್ತಾ ಏನೇನೋ ಹೇಳಿದ. ಗೌಸಬೀಯೂ ಹೋಗಿ ಸೇರಿಕೊಂಡಳು. ಎಲ್ಲರೂ ಶೆಡ್ಡಿನ ಕಡೆ ಬೆರಳು ತೋರಿಸಿ ಮಾತಾಡುತ್ತಿದ್ದರು. ವಿರುಪಾಕ್ಷಿಯ ಮುಖ ನೀರು ಬತ್ತಿದ ಕಾಲುವೆಯಂತಾಯಿತು.

ಶಿವಲಿಂಗಮ್ಮ ಬಂದವರೇ ಅವನನ್ನು ಅಡಿಯಿಂದ ಮುಡಿಯ ತನಕ ನೋಡಿದರು. ಬರಿಗಾಲಿನ ಮೇಲೆ ಕಣ್ಣು ಒಂದು ಗಳಿಗೆ ನಿಂತಿತು. ಆಮೇಲೆ ಅವರ ಕಣ್ಣಲ್ಲಿ ನೀರಾಡಿತು.

"ಅಳಿಯಾರ, ನಾ ನಿಮ್ಮನ್ನ ಕಮ್ಮಿ ತಿಳಕೊಂಡಿದ್ದೆ. ತಪ್ಪಾತು."

"ಅತ್ತಿಯಾರ?"

"ಓಣಿ ಓಣಿನ ನಿಮ್ಮ ಹೆಸರು ಹೇಳಾಕತ್ತೈತಿ. ಗೌಸಬೀದು ಕಬ್ಬು ಮಧ್ಯಾಹ್ನಕ್ಕ ಮುಗದು, ಮತ್ತೊಂದು ಗಾಡಿ ತರಿಸ್ಯಾಳ. ಮಿರ್ಚಿ ಹಿಟ್ಟು ತಳಾ ಕಂಡೈತಿ. ಮಂದಿ ಚಪ್ಲಿ ಸಿಗ್ಲಿ ಅಂತ ಹರಕಿ ಹೊತ್ತು ಕಾಯಿ ಒಡಸ್ಯಾರಂತ, ಕರಿಬಸಪ್ಪನ ಅಂಗಡ್ಯಾಗ ಒಂದು ಕಾಯಿ ಉಳಿದಿಲ್ಲ. ಯಾವತ್ತೂ ಬಂದವರು ಚಪ್ಲಿ ಮೆಟ್ಟಿ ಓಡಿಬಿಡ್ತಿದ್ರು. ಇವತ್ತು ಯಾರೂ ಅಳ್ಳಾಡಿಲ್ಲಂತ. ಅದೇನು ಕಂಪ್ಯೂಟ್ರ ವಿದ್ಯೆ ಅಂತೀನಿ!"

ವಿರುಪಾಕ್ಷಿ ಹುರುಪಿನಿಂದ ಮೇಜಿನ ಹತ್ತಿರ ಬಂದ. ಲ್ಯಾಪ್‌ಟಾಪನ್ನು ಅವರ ಕಡೆ ತಿರುಗಿಸಿದ. "ಅತ್ತಿಯಾರ, ಇವತ್ತು ಸ್ವಲ್ಪ ಹೆಚ್ಚುಕಮ್ಮಿ ಆಗಿತ್ತು. ಈಗ ಪೂರಾ ಸರಿ ಮಾಡೀನಿ, ನೋಡ್ರಿ. ಇನ್ನ ಮುಂದ ಯಾರೂ ಒಂದು ನಿಮಿಷಾನೂ ಕಾಯೂದು ಬ್ಯಾಡ..."

ಶಿವಲಿಂಗಮ್ಮ ಗಾಬರಿಯಿಂದ ಅವನ ಕೈ ಹಿಡಿದುಕೊಂಡರು.

"ಮುಟ್ಟಬ್ಯಾಡ್ರಿ! ಎಲ್ಲಾರೂ ಅದನ್ನ ಕೇಳಿಕೊಂಡಾರ. ಪ್ರತಿ ಶನಿವಾರ ಅಳಿಯಾರ ಬಂದು ಕೂಡಬೇಕು, ಕಂಪ್ಯೂಟ್ರ ಮಾತ್ರ ಇವತ್ತಿದ್ದಂಗ ಇರಬೇಕು ಅಂತ. ನಾ ಮಾತು ಕೊಟ್ಟು ಬಂದೀನಿ."

ಅಷ್ಟರಲ್ಲಿ ಜೇಬಿನೊಳಗಿನ ಫೋನು ಬಡಿದುಕೊಂಡಿತು. ಶೈಲಶ್ರೀ. ಕರಿಬಸಪ್ಪ ಆಗಲೇ ಅವಳಿಗೆ ಸುದ್ದಿ ಮುಟ್ಟಿಸಿದ್ದ.

"ರೀ, ನಂಗ ಎಷ್ಟ ಖುಷಿ ಆಗೇತಿ ಗೊತ್ತೇನು! ಮುಂದಿನ ಶನಿವಾರ ಉಪ್ಪಿಟ್ಟು ಡಬ್ಬಿಗೆ ಕಟ್ಟಿಕೊಡ್ತೀನಿ. ನಸುಕಿನಾಗ ಹೊಂಡ್ರಿ."

ವಿರುಪಾಕ್ಷಿ ಹೂಂ ಎಂದ. ಹೊಸದಾಗಿ ಬರೆದ ಸಾಲುಗಳನ್ನು ಒಮ್ಮೆ ಪ್ರೀತಿಯಿಂದ ಓದಿ, ಉಳಿಸದೆ ಮುಚ್ಚಿದ. ಆಮೇಲೆ ಬರಿಗಾಲಿನಲ್ಲಿ ಹೋಗಿ ಬೈಕಿನ ಕಿಕ್ಕರ್ ಮೇಲೆ ಕಾಲಿಟ್ಟು ಒದ್ದ. ಬೈಕು ಚಾಲು ಆಗಲಿಲ್ಲ, ಕಿಕ್ಕರ್ ಮಾತ್ರ ತಿರುಗಿ ಬಂದು ಬರಿ ಅಂಗಾಲಿಗೆ ಬಡಿಯಿತು. ಹನುಮಂತನ ಹೆಸರನ್ನು ಅವನು ಅಷ್ಟು ಗಟ್ಟಿಯಾಗಿ ಕೂಗಿದ್ದು ಅದೇ ಮೊದಲು.